ಛತ್ರದ ಎಲೆ, ಜಗಲಿಯ ತಟ್ಟೆ

ದಾರಿಹೋಕನು ಉಂಡು ತಂಗುತ್ತಿದ್ದ ಮನೆಗೆ ನಮ್ಮಲ್ಲಿ ಛತ್ರವೆಂದು ಹೆಸರು. ಕೊಡೆ ಎಂಬ ಅರ್ಥದ ಛತ್ರಕ್ಕೂ ಇದಕ್ಕೂ ನಂಟಿಲ್ಲ. ಇದು ‘ಸತ್ರ’ದ ಮಾರುರೂಪ. ಬಹುದಿನ ನಡೆಯುವ ಯಾಗಕ್ಕಿದ್ದ ಹೆಸರು ಕಾಲಕ್ರಮದಲ್ಲಿ ಅನ್ನವಿಕ್ಕುವ ಶಾಲೆಗೆ ಸಂದಿತು. ಸತ್ರಕ್ಕೆ, ಅರವಟ್ಟಿಗೆಗೆ ಬಿಟ್ಟ ದತ್ತಿಗಳ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅನ್ನವನ್ನು ಮಾರುವುದು ಪಾಪವೆಂದು ನಂಬಿದ್ದ ಕಾಲ ಅದು. ಪಯಣಿಗನ ಊಟ ಪುಣ್ಯದ ಲೆಕ್ಕಕ್ಕೆ ಸೇರುತ್ತಿತ್ತು, ವ್ಯಾಪಾರದ ಲೆಕ್ಕಕ್ಕಲ್ಲ.

ಆದರೆ ಆ ಪುಣ್ಯಕ್ಕೂ ಪಂಕ್ತಿಭೇದವಿತ್ತು. ಹಳೆಯ ಮೈಸೂರು ಸಂಸ್ಥಾನದ ಅನೇಕ ಛತ್ರಗಳಲ್ಲಿ ಬ್ರಾಹ್ಮಣರಿಗೆ ಎಲೆ ಹಾಕಿ ಬಡಿಸುತ್ತಿದ್ದರು. ಉಳಿದವರಿಗೆ ದೊರೆತರೆ ಪಡಿ, ಅಂದರೆ ತಾವೇ ಬೇಯಿಸಿಕೊಳ್ಳಬೇಕಾದ ದವಸ. ಮುಂದೆ ಗುಬ್ಬಿ ತೋಟದಪ್ಪನವರಂತಹ ವರ್ತಕರು ತಮ್ಮ ಗಳಿಕೆಯನ್ನೇ ಇದಕ್ಕೆ ಸುರಿದರು. ಬೆಂಗಳೂರಿನ ರೈಲುನಿಲ್ದಾಣದ ಬಳಿ ಅವರ ಧರ್ಮಛತ್ರ ತೆರೆದದ್ದು 1903ರಲ್ಲಿ. ಹೋಟೆಲು ಬಂದಮೇಲೆ ದುಡ್ಡಿದ್ದವನಿಗೆಲ್ಲ ಊಟವೆನ್ನುತ್ತೇವೆ. ಮೊದಮೊದಲ ಹೋಟೆಲುಗಳಲ್ಲಿಯೂ ಬ್ರಾಹ್ಮಣರಿಗೆ ಬೇರೆ ಕೋಣೆಯಿರುತ್ತಿದ್ದುದನ್ನು ಮರೆಯುತ್ತೇವೆ.

ಛತ್ರದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು, ಛತ್ರವಲ್ಲದ ಒಂದು ಜಗಲಿ. 1972ರ ಫಾಲ್ಗುಣ. ನನಗೆ ಹದಿಮೂರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆಂದು ಕೊಬ್ಬರಿಯ ಗಂಟು ಹೊತ್ತು ಅಜ್ಜನೊಡನೆ ಚಿತ್ರದುರ್ಗದ ಕಡೆಯಿಂದ ನಡೆದು ಹೊರಟಿದ್ದೆ. ತುರುವನೂರಿನಲ್ಲಿ ಕತ್ತಲಾಯಿತು. 1939ರಲ್ಲಿ ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ ಊರು ಇದೇ ಎಂದು ಅಜ್ಜ ದಾರಿಯುದ್ದಕ್ಕೂ ಹೇಳುತ್ತಾ ಬಂದಿದ್ದ. ನನ್ನ ಗಮನವೆಲ್ಲ ಹೊಟ್ಟೆಯ ಮೇಲಿತ್ತು.

ಒಂದು ಮನೆಯ ಜಗಲಿಯಲ್ಲಿ ಕುಳಿತೆವು. ಮುದುಕಿಯೊಬ್ಬಳು ಬುಡ್ಡಿ ಹಿಡಿದು ಬಂದಳು. “ಹಟ್ಟಿಗೆ ಹೋಗೋರಾ? ಉಣ್ಣೇಳಿ” ಎಂದವಳೇ ಎರಡು ಅಲ್ಯೂಮಿನಿಯಂ ತಟ್ಟೆಯಲ್ಲಿ ರಾಗಿಮುದ್ದೆ, ಹುರುಳಿ ಸಾರು ತಂದಿಟ್ಟಳು. ಮುದ್ದೆಯ ಬಿಸಿಗೆ ಬೆರಳು ಸುಟ್ಟದ್ದು ಈಗಲೂ ನೆನಪಿದೆ. ಉಂಡಾದ ಮೇಲೆ ಕೇಳಿದಳು: “ಯಾವ ಜನ, ಯಜಮಾನ?”

ಅಜ್ಜ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಮ್ಮ ಜಾತಿಯ ಹೆಸರು ಕೇಳಿ ಅವಳು ಮಾತಿಲ್ಲದೆ ಒಳಗೆ ಹೋದಳು. ಅಜ್ಜ ಮೆಲ್ಲಗೆ ಗಂಟು ಕಟ್ಟತೊಡಗಿದ. ಅಷ್ಟರಲ್ಲಿ ಅವಳು ಹೊರಬಂದು ಒಂದು ಕಂಬಳಿಯನ್ನು ಜಗಲಿಯಂಚಿಗೆ ಇಟ್ಟು, “ಬೆಳಗಿನ ಜಾವ ಚಳಿಯಾಗ್ತೈತೆ” ಎಂದಳು.

ಕೋಳಿ ಕೂಗುವ ಮುನ್ನವೇ ಎದ್ದೆವು. ಅಜ್ಜ ತಟ್ಟೆಗಳನ್ನು ಮಣ್ಣುಹಾಕಿ ತಿಕ್ಕಿ ತೊಳೆದು, ಮಡಿಸಿದ ಕಂಬಳಿಯ ಪಕ್ಕದಲ್ಲಿ ಬೋರಲಿಟ್ಟ. ಅವಳು ಅವನ್ನು ಒಳಗೆ ಒಯ್ದಳೋ ಇಲ್ಲವೋ ನೋಡಲು ನಾವು ನಿಲ್ಲಲಿಲ್ಲ.