ಕಾಡಂಚಿನ ಜ್ವರದ ಬೆನ್ನುಹತ್ತಿದವರು

ಮುರ್ಡೇಶ್ವರಕ್ಕೆ ಬಂದವರು ಕಡಲಿಗೆ ಮುಖ ಮಾಡಿ ನಿಲ್ಲುತ್ತಾರೆ. ಅವರ ಬೆನ್ನಿಗೆ, ಅಷ್ಟೇನೂ ದೂರವಲ್ಲದ ಘಟ್ಟದ ಬುಡದಲ್ಲಿ ಇನ್ನೊಂದೇ ಬದುಕಿದೆ. ಮಳೆಗಾಲ ಕಳೆದು ಎಲೆ ಉದುರತೊಡಗಿದರೆ ಭಟ್ಕಳ, ಹೊನ್ನಾವರ, ಕುಮಟಾದ ಒಳಊರಿನವರು ದರಕು ಗುಡಿಸಲು, ಸೊಪ್ಪು ಕೊಯ್ಯಲು, ಕಟ್ಟಿಗೆ ತರಲು ಬೆಟ್ಟ ಹತ್ತುತ್ತಾರೆ. ಕೊಟ್ಟಿಗೆಯಲ್ಲಿ ಹಾಸಿದ ದರಕೇ ಮುಂದೆ ಅಡಿಕೆ ತೋಟಕ್ಕೆ ಗೊಬ್ಬರ. ಉಣುಗಿನ ಮರಿಗಳು ಆ ತರಗೆಲೆಯ ಮೇಲೆ ಕಾದು ಕೂರುವುದೂ ಇದೇ ತಿಂಗಳುಗಳಲ್ಲಿ. ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಕಾಡುವುದಕ್ಕೆ ಕಾರಣ ಇಲ್ಲೇ ಇದೆ.

ವಿಜ್ಞಾನಕ್ಕೆ ಈ ರೋಗ ಪರಿಚಯವಾದದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಆಗ ಐದು ವರ್ಷ ಪ್ರಾಯ. ಅಲ್ಲಿಂದ ಬಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತವರ ಸಂಗಡಿಗರ ಮೊದಲ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವು ಆ ಜ್ವರದ ಮುನ್ಸೂಚನೆ. ಭಾರತಕ್ಕೆ ಅದು ಕಾಲಿಟ್ಟದ್ದೇ ಇಲ್ಲ. ಆದರೆ ಸಿಕ್ಕ ವೈರಾಣು ಉಣುಗಿನಿಂದ ಹರಡುವಂಥದ್ದು, ರಷ್ಯಾದ ಮಿದುಳುಜ್ವರದ ವೈರಾಣುವಿನ ಹತ್ತಿರದ ಸಂಬಂಧಿ. ಹಾಗಿದ್ದರೆ ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳೇ ತಂದಿರಬಹುದೆ? ಆ ಶಂಕೆಯಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಕ್ಕಿ ಸಮೀಕ್ಷೆಗೆ ಹಣ ಕೊಟ್ಟಿತು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಅವುಗಳ ವಲಸೆಯ ಬಗ್ಗೆ ಮಾತ್ರ ಎಷ್ಟೋ ಸಂಗತಿ ತಿಳಿಯಿತು.

ಈ ರೋಗದ ಅಧ್ಯಯನದ ಅತಿ ಶ್ರೀಮಂತ ಕಾಲ 1960ರ ದಶಕ ಎಂದು ನಾನು ನಂಬಿದ್ದೇನೆ. ಹೋರ್ಹೆ ಬೊಶೆಲ್, ಪಿ.ಕೆ. ರಾಜಗೋಪಾಲನ್ ಮೊದಲಾದವರು ಸಾಗರ, ಸೊರಬದ ಕಾಡುಗಳಲ್ಲಿ ಋತುವಿನಿಂದ ಋತುವಿಗೆ ಉಣುಗು ಹಿಡಿದರು, ಇಲಿ ಅಳಿಲುಗಳ ಮೈ ಹುಡುಕಿದರು, ಸತ್ತ ಮಂಗಗಳ ಜಾಡು ಹಿಡಿದರು. ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮರಿಗಳು ಸಣ್ಣ ಪ್ರಾಣಿ, ಹಕ್ಕಿ, ಮಂಗಗಳ ರಕ್ತ ಕುಡಿಯುತ್ತವೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಎರಡನೆಯ ಹಂತದ ಮರಿ. ಬಲಿತ ಉಣುಗಿಗೆ ಬೇಕಾದದ್ದು ದೊಡ್ಡ ಪ್ರಾಣಿ, ಅಂದರೆ ಹೆಚ್ಚಿನಂಶ ಮೇಯಲು ಬಿಟ್ಟ ದನ. ದನಕ್ಕೆ ರೋಗ ಬರುವುದಿಲ್ಲ, ಆದರೆ ದನದಿಂದ ಉಣುಗಿನ ಸಂತಾನ ಬೆಳೆಯುತ್ತದೆ. ಸೋಂಕಿಗೆ ಕರಿಮುಖದ ಮುಸಿಯವೂ ಕೆಂಪು ಮುಖದ ಮಂಗವೂ ಬಲಿಯಾಗುತ್ತವೆ. ಹೆಣ ಬಿದ್ದ ಕಡೆ ಮೈಮೇಲಿದ್ದ ಉಣುಗುಗಳು ಉದುರಿ, ಆ ನೆಲವೇ ಅಪಾಯದ ತಾಣವಾಗುತ್ತದೆ. 1969ರಲ್ಲಿ ಬೊಶೆಲ್ ಇದನ್ನೆಲ್ಲ ಕೂಡಿಸಿ ಹೇಳಿದ ಮಾತು ಇಂದಿಗೂ ಹಳತಾಗಿಲ್ಲ: ವೈರಾಣು ಕಾಡಿನಲ್ಲಿ ಮೊದಲೇ ಇದ್ದಿರಬೇಕು, ಮನುಷ್ಯ ಕಾಡು ಕಡಿದು, ಗದ್ದೆ ಮಾಡಿ, ದನ ನುಗ್ಗಿಸಿದಾಗ ಅದು ಸ್ಫೋಟಿಸಿತು.

ಆ ಮಾತಿಗೆ ಸಿಗಬೇಕಾದ ಬೆಲೆ ಸಿಗಲಿಲ್ಲ. 1970ರ ದಶಕದಲ್ಲಿ ರೋಗ ಉತ್ತರ ಕನ್ನಡಕ್ಕೂ ಹಬ್ಬಿತು. 1982–83ರಲ್ಲಿ ಬೆಳ್ತಂಗಡಿಯ ಸುತ್ತ, ಗೇರು ನೆಡಲು ಕಾಡು ಬೋಳಿಸಿದ ಬೆನ್ನಿಗೆ, ಸಾವಿರಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆದರೂ ಕಾಡಿನ ಅಧ್ಯಯನ ಕ್ಷೀಣಿಸುತ್ತ, ಗಮನವೆಲ್ಲ ಲಸಿಕೆಯತ್ತ ಹರಿಯಿತು.

ರಷ್ಯಾದ ಮಿದುಳುಜ್ವರಕ್ಕೆಂದು ಮಾಡಿದ್ದ ಲಸಿಕೆಯನ್ನು ಮೊದಲು ಇಲ್ಲಿ ಪ್ರಯೋಗಿಸಿದರು, ಫಲ ಸಿಗಲಿಲ್ಲ. ಆಮೇಲೆ ಕ್ಯಾಸನೂರು ವೈರಾಣುವನ್ನೇ ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು ಲಸಿಕೆ ಮಾಡಿದರು. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ 93ರಷ್ಟು ರಕ್ಷಣೆ ಕಂಡಿತು. 2005ರಿಂದ 2010ರ ಮಾಹಿತಿಯನ್ನು ಮತ್ತೆ ಲೆಕ್ಕಹಾಕಿದಾಗ ಅದು ಶೇ 62ಕ್ಕೆ ಇಳಿದಿತ್ತು. ಬೂಸ್ಟರ್ ಕೂಡಿದರೆ ಶೇ 83. ಚುಚ್ಚಿದ ಜಾಗದ ನೋವು ಒಂದೆಡೆ, ಮತ್ತೆ ಮತ್ತೆ ಬರಬೇಕಾದ ಕಿರಿಕಿರಿ ಇನ್ನೊಂದೆಡೆ. ದಿನಗೂಲಿ ಬಿಟ್ಟು ಯಾರು ಬಂದಾರು? ಸತ್ವ ಪರೀಕ್ಷೆಯಲ್ಲಿ ಸೋತ ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ದುಡಿಯುತ್ತಿವೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರ ಕೈಯಲ್ಲಿರುವುದು ಉಣುಗನ್ನು ದೂರವಿಡುವ ಡೆಪಾ ಎಣ್ಣೆ, ಮೈಮುಚ್ಚುವ ಬಟ್ಟೆ, ಮರಳಿ ಬಂದ ಮೇಲಿನ ಬಿಸಿನೀರಿನ ಸ್ನಾನ. ವೈರಾಣುವನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ.

ರೋಗ ಪತ್ತೆಯಲ್ಲಿ ಆಗಿರುವ ಪ್ರಗತಿ ನಿಜಕ್ಕೂ ದೊಡ್ಡದು. ಹಿಂದೆ ಇಲಿಮರಿಗಳಿಗೆ ಮಾದರಿ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು. 2012ರ ಹೊತ್ತಿಗೆ ಪುಣೆಯಲ್ಲಿ ಪಿಸಿಆರ್ ಪರೀಕ್ಷೆ ಸಿದ್ಧವಾಯಿತು. ಶಿವಮೊಗ್ಗದ ಪ್ರಯೋಗಾಲಯ, ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಗಳು ಕೈಜೋಡಿಸಿದವು. ನೋಡುವ ಕಣ್ಣು ಚುರುಕಾದಂತೆ ರೋಗದ ನಕ್ಷೆಯೂ ಹಿಗ್ಗಿತು: 2012ರಲ್ಲಿ ಬಂಡೀಪುರ, ಬಳಿಕ ವಯನಾಡು ಮತ್ತು ನೀಲಗಿರಿ, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಸಿಂಧುದುರ್ಗ. ಇವುಗಳಲ್ಲಿ ಎಷ್ಟು ಹೊಸ ಹರಡುವಿಕೆ, ಎಷ್ಟು ಮೊದಲಿಂದ ಇದ್ದು ಕಾಣದೆ ಹೋದದ್ದು ಎಂಬುದು ಇನ್ನೂ ಚರ್ಚೆಯಲ್ಲಿದೆ.

2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲುಸಾಲು ಸಾವು ಸಂಭವಿಸಿದಾಗ ನಾಡು ಬೆಚ್ಚಿತು. ಅದು ಶರಾವತಿ ಕಣಿವೆಯ ಊರು. ಅದೇ ಹೊಳೆ ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಆ ವರ್ಷಗಳಲ್ಲೇ ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ಮತ್ತು ಬ್ರಿಟನ್ನಿನ ಪರಿಸರ ವಿಜ್ಞಾನಿಗಳು ಆರೋಗ್ಯ, ಪಶುವೈದ್ಯ ಇಲಾಖೆಗಳವರನ್ನು ಜತೆಗೂಡಿಸಿಕೊಂಡು ಅಪಾಯದ ನಕ್ಷೆ ಬರೆಯತೊಡಗಿದರು. 2020ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಹೆಚ್ಚು ಅಪಾಯ ಕಂಡದ್ದು ನಡುಗಾಡಿನಲ್ಲಲ್ಲ. ಹಸಿರು ಕಾಡು, ತೋಪು, ಹೊಲ ಒಂದಕ್ಕೊಂದು ಹೆಣೆದುಕೊಂಡ, ನಾಟಿ ದನ ಹೆಚ್ಚಿರುವ ಕಾಡಂಚಿನಲ್ಲಿ. ಬೊಶೆಲ್ ಕಾಲ್ನಡಿಗೆಯಲ್ಲಿ ಕಂಡದ್ದನ್ನು ಐವತ್ತು ವರ್ಷಗಳ ಮೇಲೆ ಉಪಗ್ರಹ ಚಿತ್ರಗಳು ಬಹುಪಾಲು ಎತ್ತಿಹಿಡಿದವು. ಇಷ್ಟು ಕಾಲ ಈ ಕೆಲಸವನ್ನು ಅರ್ಧಕ್ಕೇ ಬಿಟ್ಟದ್ದು ನನಗೆ ನೋವಿನ ಸಂಗತಿ.

ಈಗಲೂ ತೀರ್ಮಾನವಾಗದ ದೊಡ್ಡ ಪ್ರಶ್ನೆಗಳಿವೆ. ಎರಡು ಋತುಗಳ ನಡುವೆ ವೈರಾಣುವನ್ನು ಉಳಿಸಿಟ್ಟುಕೊಳ್ಳುವಲ್ಲಿ ಉಣುಗಿನ ಪಾಲೆಷ್ಟು, ಇಲಿ, ಮೂಗಿಲಿಗಳ ಪಾಲೆಷ್ಟು? ದರಕಿನ ಹೊರೆಯ ಜತೆ ಮನೆಯಂಗಳಕ್ಕೆ ಬರುವ ಉಣುಗಿನಿಂದ ಕಾಡಿಗೆ ಹೋಗದವರಿಗೂ ಎಷ್ಟು ಅಪಾಯ? ಉತ್ತರ ಸಿಗಬೇಕಾದರೆ ಹೊನ್ನಾವರ, ಭಟ್ಕಳದ ಬೆಟ್ಟಗಳಲ್ಲಿ ಮಂಗ ಸಾಯುವ ಮುಂಚೆಯೇ, ರೋಗವಿಲ್ಲದ ವರ್ಷಗಳಲ್ಲೂ ಉಣುಗು ಹಿಡಿದು ಎಣಿಸುವ ಜನ ಬೇಕು.