ವಿಜಯನಗರದ ಅಡಕೆ-ಎಲೆಯ ಬೀದಿ

ಶಕವರ್ಷ 1348, ಅಂದರೆ ಕ್ರಿ.ಶ. 1426ರಲ್ಲಿ ಇಮ್ಮಡಿ ದೇವರಾಯನು ವಿಜಯನಗರದಲ್ಲಿ ಪಾರ್ಶ್ವನಾಥ ತೀರ್ಥಂಕರರಿಗೆ ಕಲ್ಲಿನ ಚೈತ್ಯಾಲಯವೊಂದನ್ನು ಕಟ್ಟಿಸಿದನು. ಅದರ ಸಂಸ್ಕೃತ ಶಾಸನವು ಬಸದಿಯ ನೆಲೆಯನ್ನು ಹೇಳುವಾಗ ಅಡಕೆ-ವೀಳ್ಯದೆಲೆಗಳ ಅಂಗಡಿಬೀದಿಯನ್ನು ಹೆಸರಿಸುತ್ತದೆ. ಶಾಸನವನ್ನು ಧರ್ಮೇತಿಹಾಸದ ದೃಷ್ಟಿಯಿಂದ ಓದುವವರು ಈ ಬೀದಿಯನ್ನು ಬರಿಯ ವಿಳಾಸವೆಂದು ದಾಟಿಬಿಡುವುದು ಸಹಜ. ಆದರೆ ನಗರದ ಜನಸಾಂದ್ರತೆಗೆ ಇಷ್ಟು ಸಂಕ್ಷಿಪ್ತವಾದ ಸಾಕ್ಷ್ಯ ದೊರೆಯುವುದು ಅಪರೂಪ.

ಅಡಕೆಯನ್ನು ಒಣಗಿಸಿ ತಿಂಗಳುಗಟ್ಟಲೆ ಇರಿಸಬಹುದು. ವೀಳ್ಯದೆಲೆ ಹಾಗಲ್ಲ, ಕೊಯ್ದ ಕೆಲವೇ ದಿನಗಳಲ್ಲಿ ಬಾಡುತ್ತದೆ, ಕೊಳೆಯುತ್ತದೆ. ಬೇಗ ಮಾರಿಹೋಗದಿದ್ದರೆ ಬಂಡವಾಳವೇ ಹೋಯಿತು. ನೂರು ಮನೆಗಳ ಊರಿನಲ್ಲಿ ಎಲೆ ಮಾರುವವನು ಬೇರೆ ಸರಕನ್ನೂ ಇಟ್ಟುಕೊಳ್ಳಬೇಕು, ಇಲ್ಲವೆ ಊರೂರು ತಿರುಗಬೇಕು. ಒಂದು ಬೀದಿಗೇ ಆ ವ್ಯಾಪಾರದ ಹೆಸರು ನಿಂತಿದೆಯೆಂದರೆ, ನಡೆದು ಬರುವಷ್ಟು ದೂರದಲ್ಲಿ ನಿತ್ಯವೂ ಕೊಳ್ಳುವ ಜನ ಕಿಕ್ಕಿರಿದಿದ್ದರೆಂದೇ ಊಹಿಸಬೇಕು. 1443ರಲ್ಲಿ ಬಂದ ಷಾರುಖನ ರಾಯಭಾರಿ ಅಬ್ದುಲ್ ರಜಾಕನು ಒಂದೊಂದು ಕಸುಬಿನವರ ಅಂಗಡಿಗಳು ಒತ್ತೊತ್ತಾಗಿದ್ದುದನ್ನು ದಾಖಲಿಸಿದ್ದಾನೆ. ಗುಲಾಬಿ ಹೂಗಳು ಎಲ್ಲೆಡೆ ಮಾರಾಟವಾಗುತ್ತಿದ್ದವೆಂದೂ ಬರೆದಿದ್ದಾನೆ. ಹೂವಿನ ಆಯುಷ್ಯವಂತೂ ಎಲೆಗಿಂತ ಕಡಿಮೆ!

ಜನವಸತಿ ವಿರಳವಾದ ನಾಡಿನಲ್ಲಿ ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಸಂತೆ. ಒಂದೂರಿನ ಬೇಡಿಕೆ ಅಂಗಡಿಯನ್ನು ಸಾಕಲಾರದು. ಸುತ್ತಲ ಹತ್ತೂರುಗಳ ಬೇಡಿಕೆ ವಾರಕ್ಕೊಮ್ಮೆ ಒಂದೆಡೆ ಕೂಡಿದರೆ ಸಾಕಬಲ್ಲದು. ವ್ಯಾಪಾರಿಯು ಸೋಮವಾರ ಒಂದೂರಿನಲ್ಲಿ, ಮಂಗಳವಾರ ಇನ್ನೊಂದರಲ್ಲಿ ಗಂಟು ಬಿಚ್ಚುತ್ತಾನೆ. ಈ ಏರ್ಪಾಟಿನ ಹೊರೆ ಕೊಳ್ಳುವವರ ಮೇಲೂ ಬೀಳುತ್ತದೆ: ಹರದಾರಿ ನಡೆಯಬೇಕು, ನಡುವೆ ಉಪ್ಪು ತೀರಿದರೆ ನೆರೆಮನೆಯಲ್ಲಿ ಕಡ ಕೇಳಬೇಕು.

ಹಾಗೆಂದು ಸಂತೆ ಹಳ್ಳಿಯದು, ಅಂಗಡಿ ನಗರದ್ದು ಎಂದು ಗೆರೆ ಎಳೆಯುವುದು ಸರಿಯಾಗದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ನಗರದ ಬೇರೆ ಬೇರೆ ಭಾಗಗಳಲ್ಲಿ ದಿನಕ್ಕೊಂದರಂತೆ ಸಂತೆ ನೆರೆಯುತ್ತಿತ್ತೆಂದು ಹೇಳುತ್ತಾನೆ. ಹಳ್ಳಿಯಲ್ಲಿ ಊರಿಂದೂರಿಗೆ ಸರಿಯುವ ಸಂತೆ ಇಲ್ಲಿ ಕೇರಿಯಿಂದ ಕೇರಿಗೆ ಸರಿಯುತ್ತಿತ್ತು. ಬದಲಾದದ್ದು ಕೊಳ್ಳುವವರು ನಡೆಯಬೇಕಾದ ದೂರ.

ಇಂಥ ಸಾಂದ್ರತೆ ತಾನಾಗಿ ಬೆಳೆದದ್ದಲ್ಲ. ಅರಮನೆ, ಸೈನ್ಯ, ತುಂಗಭದ್ರೆಯ ಕಾಲುವೆಗಳು ಸೇರಿ ಅದನ್ನು ಉಂಟುಮಾಡಿದ್ದವು. 1565ರ ಯುದ್ಧದ ಬಳಿಕ ಆಸ್ಥಾನ ಪೆನುಕೊಂಡೆಗೆ ಸರಿಯಿತು. 1567ರಲ್ಲಿ ಬಂದ ವೆನಿಸ್ಸಿನ ವರ್ತಕ ಚೇಸರೆ ಫೆದರೀಚಿ ಕಂಡದ್ದು ಇನ್ನೂ ನಿಂತಿದ್ದ, ಆದರೆ ಬರಿದಾದ ಮನೆಗಳನ್ನು. ಆ ಕಾಲುವೆಗಳಲ್ಲಿ ಕೆಲವು ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ. ಪಾರ್ಶ್ವನಾಥ ಬಸದಿಯ ಬಳಿಯ ಹಾದಿಗೆ ಪಾನ್ ಸುಪಾರಿ ಬಜಾರ್ ಎಂಬ ಹೆಸರೂ ಉಳಿದಿದೆ, ಎಲೆ ಮಾರುವವರಿಲ್ಲ.