ಬೀಸುಗಲ್ಲು ನಿಂತ ಮೇಲೆ ಗರಡಿ

ನಮ್ಮ ಗರಡಿಯಲ್ಲಿ ಗಡಿಯಾರ ಇರಲಿಲ್ಲ. ವಸ್ತಾದರ ಮನೆಯಲ್ಲೂ ಇರಲಿಲ್ಲ. ಆದರೂ ನಸುಕಿನಲ್ಲಿ 14 ಹುಡುಗರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದೆವು. ಇದು 1966ರ ಮಾತು. ಬೈಲಹೊಂಗಲದಿಂದ ಬೆಳವಡಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ನನಗಾಗ 12 ವರ್ಷ. ಅಷ್ಟು ಹುಡುಗರು ಅಷ್ಟು ಸರಿಯಾಗಿ ಹೇಗೆ ಏಳುತ್ತಿದ್ದೆವು ಅನ್ನುವ ಪ್ರಶ್ನೆ ಆಗ ಹೊಳೆದಿರಲಿಲ್ಲ. ಮಾಸ್ತರಿಕೆ ಮುಗಿಸಿ ಊರಿಗೆ ಬಂದು, ಪಾಳುಬಿದ್ದ ಗರಡಿಯ ಕೀಲಿ ಕೈಗೆ ಬಂದ ಮೇಲೆ ಹೊಳೆಯಿತು.

ನನ್ನನ್ನು ಎಬ್ಬಿಸುತ್ತಿದ್ದುದು ನಮ್ಮ ಆಯಿಯ ಬೀಸುಗಲ್ಲು. ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಜಿಗಿ ಕಳೆದುಕೊಳ್ಳುತ್ತದೆ. ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಹಾಗಾಗಿ ರೊಟ್ಟಿ ತಿನ್ನುವ ನಮ್ಮ ಸೀಮೆಯಲ್ಲಿ ಅವತ್ತಿನ ಹಿಟ್ಟು ಅವತ್ತೇ ಬೀಸಬೇಕು, ಅದೂ ಹೊಲಕ್ಕೆ ಬುತ್ತಿ ಹೋಗುವುದರೊಳಗೆ. ಆಯಿ ಮತ್ತು ಅವ್ವ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಕೊಟ್ಟು ತಿರುವುತ್ತಿದ್ದರು. ಮೊದಲು ಕಲ್ಲಿನ ದಪ್ಪ ಗುರುಗುಡು, ಅದರ ಮೇಲೆ ಆಯಿಯ ಹಾಡು. ಕಾಳು ಕಡಿಮೆಯಾದಂತೆ ಸಪ್ಪಳ ತೆಳ್ಳಗಾಗುತ್ತಿತ್ತು. ಆಯಿ ಹಾಡು ನಿಲ್ಲಿಸಿ, "ಏಳೋ ತಮ್ಮಾ, ಬೆಳ್ಳಿ ಚಿಕ್ಕಿ ಮ್ಯಾಲ ಬಂತು. ವಸ್ತಾದ ಬಾಗಲಾ ತಗದಿರತಾನ" ಅನ್ನುತ್ತಿದ್ದಳು. ಆ ಮಾತು ಬರುವ ಮೊದಲೇ ನನಗೆ ಎಚ್ಚರವಾಗಿರುತ್ತಿತ್ತು. ಸಪ್ಪಳ ತೆಳ್ಳಗಾಗುವುದೇ ನನ್ನ ಗಂಟೆ.

ಆ ಕಲ್ಲಿನ ಮುಂದಿನ ಹಾಡುಗಳನ್ನು ವಿಜಯಪುರದ ಕಡೆಯ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡು ಎಂದು ಅಚ್ಚು ಹಾಕಿಸಿದರು. ಪುಸ್ತಕ ಓದಿ ಮೆಚ್ಚಿಕೊಂಡವರು ಬಹಳ. ಆದರೆ ಆ ಹಾಡು ಎಷ್ಟು ಹೊತ್ತಿಗೆ ಶುರುವಾಗುತ್ತಿತ್ತು, ಅದು ಕೇಳಿ ಓಣಿಯಲ್ಲಿ ಯಾರು ಯಾರು ಏಳುತ್ತಿದ್ದರು ಅನ್ನುವುದು ಪುಸ್ತಕದಲ್ಲಿ ಹಿಡಿಯುವ ಮಾತಲ್ಲ. ಕಲ್ಲು ತಿರುಗುವ ಹೊತ್ತಿಗೆ ಪಡಸಾಲೆಯಲ್ಲಿ ನಮ್ಮ ಮುತ್ಯಾ ಜಳಕ ಮುಗಿಸಿ, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಹಿಡಿದು ಕೂತಿರುತ್ತಿದ್ದ. ಅವನ ಪೂಜೆಗೆ ಹಿಟ್ಟಿನ ಸಪ್ಪಳದಿಂದ ಅಡ್ಡಿಯಾಗುತ್ತಿರಲಿಲ್ಲ. ಒಂದು ದಿನ ಅವ್ವನಿಗೆ ಜ್ವರ ಬಂದು ಕಲ್ಲು ತಿರುಗಲಿಲ್ಲ. ಅವತ್ತು ಮುತ್ಯಾನ ಪೂಜೆಯೂ ತಡ, ನಾನೂ ತಡ.

ಈಗ ಗರಡಿ. ನಮ್ಮದು ಎರೆ ಸೀಮೆ. ಎರೆಮಣ್ಣಿನಲ್ಲಿ ಕುಸ್ತಿ ಆಡಿದರೆ ಮಳೆಗಾಲದಲ್ಲಿ ಕಾಲು ಹುಗಿಯುತ್ತದೆ, ಬೇಸಿಗೆಯಲ್ಲಿ ಮೈ ಕೆತ್ತಿಹೋಗುತ್ತದೆ. ಅದಕ್ಕೆ ಕಿತ್ತೂರಿನ ಪಡುವಣ ಮಗ್ಗುಲಿನಿಂದ ಕೆಮ್ಮಣ್ಣನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಸಾಣಿಸಿದ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿಣ, ಲಿಂಬೆಹಣ್ಣಿನ ರಸ, ಕರ್ಪೂರ ಕೂಡಿಸಿ ಹದ ಮಾಡುವುದು. ಗೂಡಿನಲ್ಲಿ ಹನುಮಪ್ಪ, ಅವನ ಮುಂದೊಂದು ಎಣ್ಣೆ ದೀಪ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ತಿಂಗಳು ಪಟ್ಟು ಗಿಟ್ಟು ಏನೂ ಇಲ್ಲ. ಸಲಿಕೆ ಹಿಡಿದು ಅಖಾಡದ ಮಣ್ಣು ತಿರುವಿ ಹಾಕುವುದೇ ಕೆಲಸ. ಅಷ್ಟರಲ್ಲೇ ಬೆನ್ನು ಬೆವೆತುಹೋಗುತ್ತಿತ್ತು. ಆಮೇಲೆ ದಂಡ, ಬಸ್ಕಿ, ಕೊನೆಗೆ ಜೋಡಿ. ಲಿಂಗಾಯತರ ಹುಡುಗರು, ಕುರುಬರ ಹುಡುಗರು, ಮುಸಲ್ಮಾನರ ಹುಡುಗರು ಎಲ್ಲರೂ ಒಂದೇ ಮಣ್ಣು ಬಳಿದುಕೊಂಡು ಹೊರಗೆ ಬರುವಾಗ ಯಾರು ಯಾರೆಂದು ನಮ್ಮ ಅವ್ವಂದಿರಿಗೂ ಗುರುತು ಸಿಗುತ್ತಿರಲಿಲ್ಲ. ವಸ್ತಾದ ಅನ್ನುವ ಮಾತು ಉಸ್ತಾದದಿಂದ ಬಂದದ್ದು; ತಾಲೀಮು ಅಂದರೆ ಅರಬ್ಬಿಯಲ್ಲಿ ಪಾಠ. ಹನುಮಪ್ಪನ ಮುಂದೆ ಅರಬ್ಬಿ ಮಾತಿನಲ್ಲಿ ಪಾಠ ಕಲಿತೆವು, ಅದರಲ್ಲಿ ವಿಶೇಷವೇನೂ ಯಾರಿಗೂ ಕಾಣಲಿಲ್ಲ.

ತಪ್ಪಿಸಿಕೊಂಡವನಿಗೆ ವಸ್ತಾದರು ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮಣ್ಣು ಬಳಿದುಕೊಂಡ 13 ಹುಡುಗರನ್ನೂ ಕರೆದುಕೊಂಡು ಅವನ ಮನೆಯ ಕಟ್ಟೆಯ ಮುಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ನನಗಾಗಿ ಒಮ್ಮೆ ಬಂದಿದ್ದರು. ಕೌದಿಯೊಳಗಿಂದ ಕಣ್ಣು ಬಿಟ್ಟಾಗ ಬಾಗಿಲ ತುಂಬ ಕೆಂಪು ಮೈಗಳು. ಎರಡನೆಯ ಸಲ ಬರುವ ಪ್ರಸಂಗ ನಾನು ತಂದುಕೊಳ್ಳಲಿಲ್ಲ.

ನಸುಕಿನ ಸಾಮು ನಮ್ಮ ನಾಡಿನಲ್ಲಿ ಹಳೆಯದು. ಸವದತ್ತಿ ಸುಗಂಧವರ್ತಿಯಾಗಿದ್ದ ಕಾಲದಲ್ಲಿ ಅಲ್ಲಿ ಆಳುತ್ತಿದ್ದ ರಟ್ಟರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂದೇ ಒಂದು ಭಾಗವಿದೆ; ಜಟ್ಟಿಗಳ ವಯಸ್ಸಿಗೆ ತಕ್ಕ ದರ್ಜೆ, ಅವರ ಊಟ, ಅವರ ಸಾಮು ಎಲ್ಲ ಅಲ್ಲಿದೆ. ನಾಲ್ಕು ಶತಮಾನ ಕಳೆದು ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯಿಸ್, ಕೃಷ್ಣದೇವರಾಯನ ಬೆಳಗಿನ ವರದಿಯನ್ನೇ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ರಾಯ ಎಳ್ಳೆಣ್ಣೆ ಕುಡಿಯುತ್ತಿದ್ದ, ಅದನ್ನೇ ಮೈಗೆಲ್ಲ ತಿಕ್ಕಿಸಿಕೊಳ್ಳುತ್ತಿದ್ದ. ಮಣ್ಣಿನಿಂದ ಮಾಡಿದ ಭಾರ ಎತ್ತಿ, ಕತ್ತಿ ತಿರುವಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಒಬ್ಬ ಜಟ್ಟಿಯ ಸಂಗಡ ಕುಸ್ತಿ, ಅದರ ಮೇಲೆ ಕುದುರೆ ಸವಾರಿ. ಇಷ್ಟೆಲ್ಲ ಆಗುವಾಗ ಬೆಳಗಾಗುತ್ತಿತ್ತು. ಓದಿದವರೆಲ್ಲ ರಾಯನ ಛಲಕ್ಕೆ ತಲೆದೂಗುತ್ತಾರೆ. ನನಗೆ ಮಾತ್ರ ಆ ಎಣ್ಣೆ ತಂದವನ ಮೇಲೂ, ಎದುರಿಗೆ ನಿಂತ ಜಟ್ಟಿಯ ಮೇಲೂ ಕಣ್ಣು. ಅವರು ರಾಯನಿಗಿಂತ ಮೊದಲೇ ಎದ್ದಿರಬೇಕಲ್ಲ!

ಕಿತ್ತೂರಿನ ಅರಮನೆಗೆ ಹೋದವರಿಗೆ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಇಟ್ಟ ಕೊಳವೆಯನ್ನು ತೋರಿಸುತ್ತಾರೆ. ಶಾಲೆಯ ಹುಡುಗರನ್ನು ಕರೆದುಕೊಂಡು ಹೋದಾಗಲೆಲ್ಲ ನಾನೂ ತೋರಿಸಿದ್ದೇನೆ. ಧ್ರುವ ದಿಕ್ಕು ಹೇಳುತ್ತದೆ, ಹೊತ್ತು ಹೇಳುವುದಿಲ್ಲ. ಹೊತ್ತಿಗೆ ಅದರ ಸುತ್ತ ತಿರುಗುವ ಸಪ್ತರ್ಷಿಗಳೇ ಬೇಕು. ಆ ಕೋಟೆಯ ಮುಂದೆ 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಅವಳ ಸಮಾಧಿ ಊರೊಳಗೇ ಇದೆ. ಸಂಗೊಳ್ಳಿಯಲ್ಲಿ ರಾಯಣ್ಣನ ಗರಡಿ ಎಂದು ಊರವರು ತೋರಿಸುವ ಜಾಗವಿದೆ. ಹಳ್ಳದಲ್ಲಿ ಜಳಕಕ್ಕೆ ಇಳಿದು ಕತ್ತಿ ಕೈತಪ್ಪಿದ ಹೊತ್ತು ನೋಡಿ ಅವನನ್ನು ಹಿಡಿದರೆಂದು ಲಾವಣಿಯವರು ಹಾಡುತ್ತಾರೆ. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರಲ್ಲಿ.

ಆ ಕಾಲದ ಗರಡಿಯಲ್ಲಿ ಕತ್ತಿ, ಗುರಾಣಿ, ಲಾಠಿ ಎಲ್ಲವೂ ಇದ್ದವು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂತು. ಅದಕ್ಕೆ ತಿರುಗಿಬಿದ್ದ ಹಲಗಲಿಯ ಬೇಡರ ಗತಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಕತ್ತಿ ಹೋಯಿತು, ಮಣ್ಣು ಉಳಿಯಿತು. ನಮ್ಮ ಗರಡಿಗಳು ಬರಿಯ ಕುಸ್ತಿಯ ಮನೆಗಳಾದದ್ದು ಹೀಗೆ ಎಂಬುದು ನನ್ನ ಎಣಿಕೆ. ಆಮೇಲೆ ಕೊಲ್ಲಾಪುರದ ಶಾಹೂ ಮಹಾರಾಜರು ಪೈಲ್ವಾನರನ್ನು ಸಾಕಿದರು. ಅಲ್ಲಿಯ ಖಾಸಬಾಗ ಮೈದಾನ 1912ರಲ್ಲಿ ಶುರುವಾಯಿತು. ಬೆಳಗಾವಿ ಜಿಲ್ಲೆಯ ಹುಡುಗರಿಗೆ ಅದೇ ಕಾಶಿ. ಚಿಕ್ಕೋಡಿ ಕಡೆಯ ಎಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿ ಆದರು. ನಮ್ಮ ವಸ್ತಾದರು ಆ ಸುದ್ದಿಯನ್ನು ಏಳು ವರ್ಷ ಕಳೆದರೂ ನಿನ್ನೆ ನಡೆದಂತೆ ಹೇಳುತ್ತಿದ್ದರು. ನಾನು ಹಿಂದ್ ಕೇಸರಿ ಆಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಜಾತ್ರೆಯ ಕುಸ್ತಿಯಲ್ಲಿ ಒಂದು ಬೆಳ್ಳಿ ಕಡಗ ಗೆದ್ದೆ. ಅದು ತಂಗಿಯ ಮದುವೆಯಲ್ಲಿ ಕರಗಿತು.

ಓದಲು ಧಾರವಾಡಕ್ಕೆ ಹೋದೆ. ಅಪ್ಪ ಒಂದು ಅಲಾರಾಂ ಗಡಿಯಾರ ಕೊಡಿಸಿದ. ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಗಡಿಯಾರ ಬಡಿಯುತ್ತಿತ್ತು, ಕೈ ಚಾಚಿ ಕಿವಿ ಹಿಂಡುತ್ತಿದ್ದೆ, ಮತ್ತೆ ನಿದ್ದೆ. ಆರು ವರ್ಷ ತಪ್ಪದೆ ಎದ್ದವನ ನೇಮ ಒಂದು ತಿಂಗಳೂ ಬಾಳಲಿಲ್ಲ. ಆಗ ನನ್ನನ್ನೇ ಮೈಗಳ್ಳ ಎಂದು ಬಯ್ದುಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ಆ ನೇಮ ನನ್ನದಾಗಿರಲೇ ಇಲ್ಲ. ಅರ್ಧ ಆಯಿಯದು, ಅರ್ಧ ಆ 13 ಹುಡುಗರದು.

ಮಾಸ್ತರನಾಗಿ ರಾಮದುರ್ಗ, ಸವದತ್ತಿ ತಾಲೂಕು ಸುತ್ತಿದಾಗ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಕಂಡಿತು. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ನೇಕಾರಿಕೆಗೆ ಹೆಸರಾದ ಊರು. ನಾನು ಬಾಡಿಗೆಗಿದ್ದ ಓಣಿಯಲ್ಲಿ ಮಗ್ಗದವರು ನಸುಕಿನಲ್ಲಿ ಹಾಸನ್ನು ಉದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಬಿಸಿಲೇರಿದರೆ, ಗಾಳಿ ಬಿಟ್ಟರೆ ಗಂಜಿ ಬೇಗ ಒಣಗಿ ಎಳೆ ಕಡಿಯುತ್ತದೆ. ಒಬ್ಬರಿಂದ ಆಗುವ ಕೆಲಸವೂ ಅಲ್ಲ: ಒಂದು ಮನೆಯ ಹಾಸಿಗೆ ನಾಲ್ಕು ಮನೆಯವರ ಕೈ ಬೇಕು, ನಾಳೆ ಅವರ ಮನೆಯ ಹಾಸಿಗೆ ಇವರ ಕೈ. ಹಾಗಾಗಿ ಮಲಗಿರುವ ಧೈರ್ಯ ಯಾರಿಗೂ ಇರಲಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವವರೂ ಹಾಗೆಯೇ. ಮುಂದಿನ ಚಕ್ಕಡಿಯ ಗಂಟೆ ಕೇಳಿತೆಂದರೆ ಹಿಂದಿನವರು ಎತ್ತು ಹೂಡಲೇಬೇಕು.

ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದದ್ದು 1970ರ ದೀಪಾವಳಿಗೆ. ಆಯಿ ಮೊದಲ ದಿನ ಬಿಸಿ ಹಿಟ್ಟನ್ನು ಮುಟ್ಟಿ ನೋಡಿ, "ಸುಟ್ಟ ಹಿಟ್ಟು" ಎಂದು ಮೂಗು ಮುರಿದಳು. ಅವ್ವ ಏನೂ ಅನ್ನಲಿಲ್ಲ. ಅವಳ ಅಂಗೈಯ ಗಟ್ಟಿಗಂಟು ನಾನು ನೋಡಿದ್ದೆ. ಗಿರಣಿಯನ್ನು ಹಳಿಯಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಬೀಸುಗಲ್ಲಿನ ಮುಂದೆ ಎಂದೂ ಕೂರದ ಗಂಡಸರು ಅದರ ಹಾಡು ಹೋಯಿತೆಂದು ಕಣ್ಣೀರು ಹಾಕುವುದನ್ನು ಕಂಡರೆ ನನಗೆ ನಗು ಬರುತ್ತದೆ. ಆದರೆ ನಡೆದದ್ದು ಹೇಳಬೇಕು. ಒಂದೊಂದೇ ಮನೆಯ ಕಲ್ಲು ನಿಂತಿತು. ಓಣಿ ಒಂದು ತಾಸು ಹೆಚ್ಚು ಮಲಗಿತು. ಮರುವರ್ಷ ಗರಡಿಯಲ್ಲಿ ಒಂಬತ್ತು ಹುಡುಗರು, ಅದರ ಮರುವರ್ಷ ಐದು. ಐವರು ಬಂದರೆ ಜೋಡಿ ಕೂಡಿಸಲಿಕ್ಕೆ ಒಬ್ಬ ಉಳಿಯುತ್ತಾನೆ. ಉಳಿದವನು ನಾಳೆ ಬರುವುದಿಲ್ಲ.

ನನ್ನ ಓರಗೆಯವರು ಇದನ್ನು ಒಪ್ಪುವುದಿಲ್ಲ. ಕ್ರಿಕೆಟ್ ಬಂತು, ಟೀವಿ ಬಂತು, ಹಾಲು ಡೇರಿಗೆ ಹೋಯಿತು, ಪೈಲ್ವಾನಕಿಗೆ ಬೇಕಾದ ತುಪ್ಪ ಬಾದಾಮಿ ಯಾರ ಮನೆಯಲ್ಲಿದೆ ಎಂದು ಕೇಳುತ್ತಾರೆ. ಎಲ್ಲವೂ ಖರೆ. ಆದರೆ ಟೀವಿ ನಮ್ಮೂರಿಗೆ ಬರುವ ಹೊತ್ತಿಗೆ ಗರಡಿಯ ಬಾಗಿಲಿಗೆ ಗೆದ್ದಲು ಹತ್ತಿತ್ತು.

ಈಗ ನಾನು ನಾಲ್ಕೂವರೆಗೆ ಏಳುತ್ತೇನೆ. ಒಬ್ಬನೇ ಎದ್ದರೆ ನಿಲ್ಲುವುದಿಲ್ಲವೆಂದು ಧಾರವಾಡದಲ್ಲಿ ಕಲಿತಿದ್ದೆನಲ್ಲ, ಅದಕ್ಕೆ ಪಕ್ಕದ ಮನೆಯ ಹಾಲು ಕರೆಯುವವನ ಸಂಗಡ ಒಂದು ಒಪ್ಪಂದ: ಅವನು ಎಮ್ಮೆಯ ಹತ್ತಿರ ಹೋಗುವಾಗ ನಮ್ಮ ಕಿಟಕಿಗೆ ಒಮ್ಮೆ ಬಡಿಯಬೇಕು. ಬಡಿದ ಮೇಲೆ ಗರಡಿಗೆ ಹೋಗಿ ದೀಪ ಹಚ್ಚಿ, ಮೊಣಕಾಲು ಒಪ್ಪಿದಷ್ಟು ಬಸ್ಕಿ ಹೊಡೆದು, ಆಮೇಲೆ ನೋಟ್‌ಬುಕ್ ತೆಗೆಯುತ್ತೇನೆ. ಅದರಲ್ಲಿ ಎರಡು ಸಾಲು ಗೆರೆ ಎಳೆದಿದ್ದೇನೆ. ಒಂದರಲ್ಲಿ ಊರಿಗೆ ಗಿರಣಿ ಬಂದ ವರ್ಷ, ಇನ್ನೊಂದರಲ್ಲಿ ಗರಡಿ ಮುಚ್ಚಿದ ವರ್ಷ. ಇದುವರೆಗೆ 11 ಊರು ತುಂಬಿವೆ. ಎಂಟು ಊರುಗಳಲ್ಲಿ ಗಿರಣಿ ಮೊದಲು, ಗರಡಿ ಆಮೇಲೆ. ಎರಡರಲ್ಲಿ ಗರಡಿ ಮೊದಲೇ ಮುಚ್ಚಿದೆ. ಒಂದು ಊರಿನಲ್ಲಿ ಗಿರಣಿಯವನೇ ವಸ್ತಾದ, ಗರಡಿ ಇನ್ನೂ ನಡೆದಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಈ ಎರಡು ವರ್ಷ ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಹುಣ್ಣಿಮೆಯೊಳಗೆ ಕೇಳಿ ಬರೆದಿಡಿರಿ. ಮೊದಲು ಆಯಿಯನ್ನು ಕೇಳಿರಿ, ಆಮೇಲೆ ಮುತ್ಯಾನನ್ನು.